‘ಬೇಡ’ ಅನ್ನುವ ಮಗು: ಆಟಿಸಂ ಇರುವ ಮಕ್ಕಳ ಹಠ, ಎದುರುತ್ತರ, ಸಿಟ್ಟು ನಿಭಾಯಿಸಲು ಕಾಸರಗೋಡಿನ ಕನ್ನಡ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಆಟಿಸಂ ಇರುವ ಮಗು ಹೇಳಿದ ಮಾತು ಕೇಳದಿದ್ದಾಗ ಅಪ್ಪ ಅಮ್ಮನಿಗೆ ಎರಡು ಬಗೆಯ ಉಪದೇಶ ಸಿಗುತ್ತದೆ. "ನೀವೇ ಮುದ್ದು ಮಾಡಿ ಹಾಳು ಮಾಡಿದ್ದು" ಅನ್ನುವುದು ಒಂದು. "ಎರಡು ಪೆಟ್ಟು ಬಿದ್ದರೆ ಸರಿಯಾಗ್ತಾನೆ" ಅನ್ನುವುದು ಇನ್ನೊಂದು. ಎರಡೂ ತಪ್ಪು. ಪೆಟ್ಟು ತಿಂದ ಮಗು ಸುಮ್ಮನಾಗಬಹುದು, ಆದರೆ ಅದು ಹೆದರಿಕೆಯಿಂದ. ಹೆದರಿಕೆ ಜಾಸ್ತಿಯಾದಷ್ಟೂ ಮುಂದಿನ ರಂಪ ದೊಡ್ಡದಾಗುತ್ತದೆ.

ಮಂಜೇಶ್ವರ, ಕುಂಬಳೆ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ತುಳು ಅಥವಾ ಹವ್ಯಕ, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ ಕೇಳಿಕೊಂಡು ಬೆಳೆಯುವ ಮಗುವಿನ ಕಷ್ಟಕ್ಕೆ ಬೇರೆ ಊರಿನ ಪುಸ್ತಕದ ಸಲಹೆ ಪೂರ್ತಿ ಸಾಲುವುದಿಲ್ಲ.

ನಾನು ನಂಬಿರುವುದು ಇಷ್ಟು. ಈ ಮಕ್ಕಳ ‘ಬೇಡ’ದ ಹಿಂದೆ ಹೆಚ್ಚಿನ ಸಲ ಅವರಿಗೆ ಹೇಳಲಾಗದ ಏನೋ ಇರುತ್ತದೆ. ನೋವು, ಭಯ, ಅರ್ಥವಾಗದ ಮಾತು, ತಡೆಯಲಾಗದ ಸದ್ದು. ಅದು ಏನೆಂದು ಮೊದಲು ಹುಡುಕಬೇಕು. ಆಮೇಲೆ ಅದನ್ನೇ ಹೇಳಲು ಮಗುವಿಗೆ ಸುಲಭದ ದಾರಿ ಕಲಿಸಬೇಕು. ಬರೆಯುವ ಅನುಕೂಲಕ್ಕೆ ‘ಅವನು’ ಅನ್ನುತ್ತೇನೆ. ಹೆಣ್ಣುಮಕ್ಕಳಲ್ಲೂ ಇದೆಲ್ಲ ಇದೆ, ಗುರುತಿಸುವುದು ಮಾತ್ರ ತಡವಾಗುತ್ತದೆ.

ಹಂತ 1: ಮೊದಲು ದೇಹ ನೋಡಿ

ಇಷ್ಟು ದಿನ ಸರಿಯಿದ್ದ ಮಗು ಇದ್ದಕ್ಕಿದ್ದ ಹಾಗೆ ಎಲ್ಲದಕ್ಕೂ ಎದುರು ನಿಂತರೆ ಮೊದಲ ಅನುಮಾನ ನೋವಿನ ಮೇಲೆ ಇರಲಿ. ಹಲ್ಲುನೋವು, ಕಿವಿನೋವು, ಮಲಬದ್ಧತೆ, ಎದೆಯುರಿ, ನಿದ್ದೆಗೇಡು ಇವೆಲ್ಲ ಸಿಟ್ಟಿನ ರೂಪದಲ್ಲಿ ಹೊರಗೆ ಬರುತ್ತವೆ. ಆಟಿಸಂ ಇರುವ ಮಕ್ಕಳಲ್ಲಿ ಹೊಟ್ಟೆಯ ತೊಂದರೆ, ನಿದ್ದೆಯ ತೊಂದರೆ ಎರಡೂ ಜಾಸ್ತಿ. ಚೆನ್ನಾಗಿ ಮಾತಾಡುವ ಮಗು ಕೂಡ "ಹೊಟ್ಟೆ ನೋಯ್ತದೆ" ಅನ್ನದೇ ಇರಬಹುದು. ದೇಹದೊಳಗಿನ ಸೂಚನೆಯನ್ನು ಗುರುತಿಸುವುದೇ ಹಲವರಿಗೆ ಕಷ್ಟ.

ಹಾಗಾಗಿ ಕೊನೆಯ ಸಲ ಸರಿಯಾಗಿ ಶೌಚ ಆದದ್ದು ಯಾವಾಗ ಅಂತ ನೆನಪು ಮಾಡಿಕೊಳ್ಳಿ. ಟಾರ್ಚ್ ಹಿಡಿದು ಹಲ್ಲು ನೋಡಿ. ಒಂದೇ ಬದಿಯಲ್ಲಿ ಅಗಿಯುತ್ತಾನಾ, ಕಿವಿಗೆ ಕೈ ಹಾಕುತ್ತಾನಾ, ರಾತ್ರಿ ಎಷ್ಟು ಸಲ ಏಳುತ್ತಾನೆ ಅಂತ ಗಮನಿಸಿ. ದೊಡ್ಡ ಹುಡುಗಿಯಾದರೆ ಸಿಟ್ಟಿನ ದಿನಗಳನ್ನೂ ಮುಟ್ಟಿನ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಔಷಧಿಯನ್ನೂ ಮರೆಯಬೇಡಿ. ಆಟಿಸಂ ಜೊತೆ ಅಪಸ್ಮಾರ ಇರುವ ಮಕ್ಕಳು ಕಡಿಮೆಯಲ್ಲ. ಅದಕ್ಕೆ ಕೊಡುವ ಲೆವೆಟಿರಾಸೆಟಮ್ ಕೆಲವು ಮಕ್ಕಳಲ್ಲಿ ಸಿಡುಕು ಹೆಚ್ಚಿಸುತ್ತದೆ. ಹೊಸ ಮಾತ್ರೆ ಶುರುವಾದ ಮೇಲೆ ಸಿಟ್ಟು ಬಂದಿದ್ದರೆ ಡಾಕ್ಟರಿಗೆ ತಿಳಿಸಿ. ನೀವಾಗಿಯೇ ನಿಲ್ಲಿಸಬೇಡಿ, ಫಿಟ್ಸ್ ಜೋರಾಗಿ ಮರುಕಳಿಸಬಹುದು.

ಹಂತ 2: ಒಂದು ನೋಟ್‌ಬುಕ್ ಇಡಿ

ಕೆಲಸ ಸಣ್ಣದು, ಫಲ ದೊಡ್ಡದು. ಎರಡು ವಾರ ಸಾಕು. ಪ್ರತಿ ಸಲ ಗಲಾಟೆ ಆದಾಗ ಮೂರು ವಿಷಯ ಬರೆಯಿರಿ. ಮೊದಲು ಏನಿತ್ತು? ಮಗು ಏನು ಮಾಡಿದ? ಆಮೇಲೆ ಏನಾಯಿತು? ‘ಹಠ ಮಾಡಿದ’ ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು. ಉದಾಹರಣೆಗೆ:

ಸೋಮವಾರ, ಬೆಳಗ್ಗೆ 7.40. ಟಿ.ವಿ. ನೋಡುತ್ತಿದ್ದ. ಅಡುಗೆಮನೆಯಿಂದ ಕೂಗಿ "ಬೇಗ ಸಾಕ್ಸ್ ಹಾಕು, ಬಸ್ಸು ಬಂತು" ಅಂದೆ. ಸಾಕ್ಸ್ ಬಿಸಾಡಿದ, ನೆಲದಲ್ಲಿ ಮಲಗಿದ. ಬಸ್ಸು ಹೋಯಿತು. ಅಜ್ಜಿ ಮೊಬೈಲ್ ಕೊಟ್ಟರು.

ಬುಧವಾರ, ಸಂಜೆ 4.30. ಶಾಲೆಯಿಂದ ಬಂದ. "ಇವತ್ತು ಏನು ಕಲಿಸಿದರು?" ಅಂತ ಕೇಳಿದೆ. ತಂಗಿಯನ್ನು ದೂಡಿದ. ಬೈದೆ. ಕೋಣೆಯ ಬಾಗಿಲು ಹಾಕಿಕೊಂಡ.

ಇಂತಹ ಹತ್ತು ಹದಿನೈದು ಬರಹ ಸೇರಿದ ಮೇಲೆ ರಾತ್ರಿ ಶಾಂತವಾಗಿ ಕೂತು ಓದಿ. ಯಾವ ಹೊತ್ತು? ಯಾವ ಜಾಗ? ಯಾರ ಜೊತೆ? ಕೊನೆಗೆ ಅವನಿಗೆ ಏನು ಸಿಕ್ಕಿತು, ಅಥವಾ ಏನು ತಪ್ಪಿತು? ಕಾರಣಗಳು ಹೆಚ್ಚಾಗಿ ನಾಲ್ಕರಲ್ಲಿ ಒಂದಾಗಿರುತ್ತವೆ. ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳುವುದು, ಬೇಕಾದ ವಸ್ತು ಪಡೆಯುವುದು, ನಿಮ್ಮ ಗಮನ ಪಡೆಯುವುದು, ಇಲ್ಲವೇ ದೇಹಕ್ಕೆ ಬೇಕಾದ ಅಥವಾ ಬೇಡವಾದ ಅನುಭವ.

ಸೋಮವಾರದ ಬರಹದಲ್ಲಿ ಸಾಕ್ಸ್ ಇದೆ, ಬಸ್ಸಿದೆ, ಮುಗಿಯದ ಟಿ.ವಿ. ಕಾರ್ಯಕ್ರಮ ಇದೆ, ಅಡುಗೆಮನೆಯಿಂದ ಬಂದ ಕೂಗೂ ಇದೆ. ಇವುಗಳಲ್ಲಿ ಯಾವುದು? ಸಾಕ್ಸಿನ ಹೊಲಿಗೆ ಬೆರಳಿಗೆ ತಾಗಿ ಹಿಂಸೆಯಾಗುವ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಒಂದು ದಿನ ಸಾಕ್ಸ್ ಇಲ್ಲದೆ ಚಪ್ಪಲಿಯಲ್ಲಿ ಕಳಿಸಿ ನೋಡಿ. ಸುಮ್ನೆ ಹೊರಟರೆ ಉತ್ತರ ಸಿಕ್ಕಿತು. ಆಗಲೂ ಮಲಗಿಬಿಟ್ಟರೆ ಬಸ್ಸಿನಲ್ಲಿ ಏನಾಗುತ್ತಿದೆ ಅಂತ ವಿಚಾರಿಸಬೇಕು. ರಾಷ್ಟ್ರೀಯ ಹೆದ್ದಾರಿ 66ರ ಕೆಲಸ ನಡೆಯುವ ಕಡೆ ಬಸ್ಸು ನಿಲ್ಲುವ ಜಾಗ, ಹೋಗುವ ದಾರಿ ಬದಲಾಗುವುದುಂಟು. ನಮಗೆ ಅದು ಕಿರಿಕಿರಿ ಅಷ್ಟೇ. ದಾರಿಯ ಒಂದೊಂದು ಗುರುತನ್ನೂ ಲೆಕ್ಕ ಹಾಕಿಕೊಂಡು ಹೋಗುವ ಮಗುವಿಗೆ ಅದು ದಿಕ್ಕು ತಪ್ಪಿದ ಹಾಗೆ.

ಗಲಾಟೆ ಆಗದ ಹೊತ್ತನ್ನೂ ಬರೆದಿಡಿ. ಅಪ್ಪನ ಜೊತೆ ತೋಟಕ್ಕೆ ಹೋದಾಗ ಒಂದು ಗಂಟೆ ಸಮಾಧಾನದಲ್ಲಿದ್ದನೇ? ಅಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ, ಅವಸರ ಮಾಡಲಿಲ್ಲ. ಅದೂ ಒಂದು ಸುಳಿವು, ಅಲ್ವಾ?

ಹಂತ 3: ಅವನಿಗೆ ಮಾತು ಅರ್ಥವಾಗಿದೆಯಾ?

ನಮ್ಮ ಜಿಲ್ಲೆಯಲ್ಲಿ ಯಾರೂ ಬಿಡಬಾರದ ಹಂತ ಇದು. ಕೂರಬೇಕು ಅನ್ನುವುದನ್ನು ಅಜ್ಜಿ ತುಳುವಿನಲ್ಲಿ ‘ಕುಳ್ಳು’ ಅನ್ನುತ್ತಾರೆ. ಟೀಚರ್ ‘ಕೂತ್ಕೋ’ ಅನ್ನುತ್ತಾರೆ. ಥೆರಪಿ ಕೇಂದ್ರದಲ್ಲಿ ‘ಇರಿಕ್ಕ್’ ಅನ್ನುತ್ತಾರೆ. ಬೇರೆ ಮಕ್ಕಳು ಇದನ್ನು ಆಟವಾಡುತ್ತಲೇ ಕಲಿಯುತ್ತಾರೆ. ಆಟಿಸಂ ಇರುವ ಮಗುವಿಗೆ ಇವು ಮೂರು ಬೇರೆ ಬೇರೆ ಪಾಠ. ಅರ್ಥವಾಗದೆ ನಿಂತವನನ್ನು ಉದ್ಧಟ ಅಂತ ಕರೆದರೆ ಅನ್ಯಾಯ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ಬಂದಾಗ ಎಲ್ಲ ಮಕ್ಕಳಿಗೂ ತೊಂದರೆ. ಮುಖಭಾವ, ಸನ್ನೆ ನೋಡಿ ಊಹಿಸಲು ಬಾರದ ಈ ಮಗುವಿಗೆ ಅದು ಎಲ್ಲರಿಗಿಂತ ಜಾಸ್ತಿ.

ಪರೀಕ್ಷಿಸುವುದು ಸುಲಭ. ಮಗು ಶಾಂತವಾಗಿರುವಾಗ, ಕೈಸನ್ನೆ ಮಾಡದೆ, ವಸ್ತುವಿನ ಕಡೆಗೆ ನೋಡದೆ, ಒಂದೇ ಕೆಲಸ ಹೇಳಿ. "ಲೋಟ ತಾ." ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆ ಹೊತ್ತಿನಲ್ಲಿ ಮತ್ತೆ ಮಾತಾಡಬೇಡಿ. ಕೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಇವರಿಗೆ ಸಮಯ ಬೇಕು. ನಡುವೆ ಇನ್ನೊಂದು ಸಲ ಹೇಳಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಇದನ್ನೇ ಬೇರೆ ದಿನ ಬೇರೆ ಭಾಷೆಯಲ್ಲಿ ಹೇಳಿ ನೋಡಿ. ಯಾವುದರಲ್ಲಿ ಬೇಗ ತಿಳಿಯುತ್ತದೆ ಅಂತ ಗೊತ್ತಾಗುತ್ತದೆ.

ಹಾಗಾದರೆ ಮನೆಯ ತುಳು ಬಿಟ್ಟು ಎಲ್ಲರೂ ಕನ್ನಡವನ್ನೇ ಆಡಬೇಕಾ? ಖಂಡಿತ ಬೇಡ. "ಒಂದೇ ಭಾಷೆ ಮಾತಾಡಿ" ಅನ್ನುವ ಸಲಹೆ ಇವತ್ತಿಗೂ ಕೆಲವರು ಕೊಡುತ್ತಾರೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಗುವಿನ ಮಾತಿಗೆ ಹಾನಿಯಾಗುತ್ತದೆ ಅನ್ನಲು ಸಂಶೋಧನೆಯ ಆಧಾರ ಇಲ್ಲ. ಮನೆಮಾತು ಕಿತ್ತುಕೊಂಡರೆ ಅಜ್ಜಿ, ಅತ್ತೆ, ನೆರೆಮನೆಯ ಮಕ್ಕಳು ಎಲ್ಲರೂ ಅವನಿಂದ ದೂರವಾಗುತ್ತಾರೆ.

ಮಾಡಬೇಕಾದದ್ದು ಬೇರೆ. ದಿನಾ ಬೇಕಾಗುವ ಹತ್ತು ಹನ್ನೆರಡು ಮಾತುಗಳನ್ನು ಆರಿಸಿಕೊಳ್ಳಿ. ಬಾ, ಕೂರು, ನಿಲ್ಲು, ಊಟ, ಶೌಚ, ಸಾಕು, ಸಹಾಯ, ನೋವು ಇಂಥವು. ಪ್ರತಿಯೊಂದಕ್ಕೂ ಒಂದು ಚಿತ್ರ ಅಥವಾ ಫೋಟೋ ಕಾರ್ಡ್ ಮಾಡಿ. ಮನೆ, ಶಾಲೆ, ಥೆರಪಿ ಮೂರೂ ಕಡೆ ಅದೇ ಕಾರ್ಡ್ ಇರಲಿ. ಹೇಳುವ ಮಾತು ಯಾವ ಭಾಷೆಯದ್ದಾದರೂ ಕಣ್ಣಿಗೆ ಕಾಣುವ ಚಿತ್ರ ಒಂದೇ. ಕಾರ್ಡಿನ ಹಿಂಬದಿಯಲ್ಲಿ ಮೂರು ಭಾಷೆಯ ಮಾತನ್ನೂ ಬರೆದುಕೊಟ್ಟರೆ ಟೀಚರಿಗೂ ಥೆರಪಿಸ್ಟಿಗೂ ಉಪಕಾರ.

ಹಂತ 4: ಇದು ಯಾವ ಬಗೆಯ ‘ಬೇಡ’?

ಬೇಕಾದದ್ದು ಸಿಗಲಿ ಅಂತ ಅಳುವ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ. ಸಿಕ್ಕಿದ ಕೂಡಲೇ ನಿಲ್ಲಿಸುತ್ತದೆ. ಇದು ಹಠ. ಸದ್ದು, ಗಡಿಬಿಡಿ, ಬದಲಾವಣೆ ತಾಳಲಾರದೆ ಮಗು ಕುಸಿಯುವುದು ಬೇರೆ. ಆಗ ಕೇಳಿದ್ದೆಲ್ಲ ಕೊಟ್ಟರೂ ನಿಲ್ಲುವುದಿಲ್ಲ. ನೋಡುವವರು ಯಾರೂ ಇಲ್ಲದಿದ್ದರೂ ಮುಂದುವರಿಯುತ್ತದೆ. ಮುಗಿದ ಮೇಲೆ ಮಗು ಸುಸ್ತಾಗಿ ಮಲಗಿಬಿಡುತ್ತದೆ. ಮೂರನೆಯದು, ಮಾತು ನಿಂತು ಕಲ್ಲಿನಂತೆ ಕೂರುವುದು. ‘ಉತ್ತರ ಕೊಡದ ಅಹಂಕಾರಿ’ ಅಂತ ಬೈಗುಳ ತಿನ್ನುವವರು ಹೆಚ್ಚಾಗಿ ಇವರೇ.

ಇನ್ನು ಕೆಲವರಿದ್ದಾರೆ. ಅವರಿಗೆ ಇಷ್ಟದ ಕೆಲಸವನ್ನೇ ನೀವು "ಮಾಡು" ಅಂದರೂ ಆಗುವುದಿಲ್ಲ. ಬೇಡಿಕೆ ಅನ್ನುವುದೇ ಅವರಲ್ಲಿ ಆತಂಕ ಹುಟ್ಟಿಸುತ್ತದೆ. ಇದನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ನ್ಯೂಸನ್ 1980ರ ದಶಕದಲ್ಲಿ ಗುರುತಿಸಿ ಹೆಸರಿಟ್ಟರು. ಪಿಡಿಎ (ಪ್ಯಾಥಲಾಜಿಕಲ್ ಡಿಮಾಂಡ್ ಅವಾಯ್ಡೆನ್ಸ್, ಅಂದರೆ ಬೇಡಿಕೆಗಳಿಂದ ವಿಪರೀತ ತಪ್ಪಿಸಿಕೊಳ್ಳುವುದು) ಅನ್ನುತ್ತಾರೆ. ಅಧಿಕೃತ ರೋಗಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ, ವಾದವೂ ಮುಗಿದಿಲ್ಲ. ಆದರೆ ಇಂತಹ ಮಕ್ಕಳಿಗೆ ಬಹುಮಾನ, ಶಿಕ್ಷೆ, ಚಾರ್ಟ್ ಇವೆಲ್ಲ ಇನ್ನಷ್ಟು ಒತ್ತಡ ತರುತ್ತವೆ ಅನ್ನುವುದು ಹಲವು ತಂದೆತಾಯಿಗಳ ಅನುಭವ. ಇವರ ಜೊತೆ ನೇರ ಆಜ್ಞೆ ಕಡಿಮೆ ಮಾಡಿ. "ಛತ್ರಿ ಎಲ್ಲಿದೆಯೋ ಏನೋ" ಅಂತ ಜೋರಾಗಿ ಯೋಚಿಸಿದರೆ ಸಾಕು, ಎಷ್ಟೋ ಸಲ ಅವರೇ ತಂದುಕೊಡುತ್ತಾರೆ.

‘ಒಡಿಡಿ’ (ಆಪೊಸಿಷನಲ್ ಡಿಫಾಯಂಟ್ ಡಿಸಾರ್ಡರ್, ಅಂದರೆ ಸದಾ ಎದುರು ನಿಲ್ಲುವ, ಸಿಡುಕುವ ತೊಂದರೆ) ಅನ್ನುವ ಹೆಸರು ನಿಮ್ಮ ಕಿವಿಗೂ ಬಿದ್ದಿರಬಹುದು. ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಎಂಟು ಲಕ್ಷಣಗಳಲ್ಲಿ ಕನಿಷ್ಠ ನಾಲ್ಕು, ಕನಿಷ್ಠ ಆರು ತಿಂಗಳು ಇರಬೇಕು. ಒಡಹುಟ್ಟಿದವರನ್ನು ಬಿಟ್ಟು ಬೇರೆಯವರ ಜೊತೆಗೂ ಹಾಗೆ ನಡೆದುಕೊಳ್ಳಬೇಕು. ಆಟಿಸಂ ಮತ್ತು ಒಡಿಡಿ ಒಟ್ಟಿಗೆ ಇರಬಹುದು. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದ್ದರೆ ಆ ಸಾಧ್ಯತೆ ಹೆಚ್ಚು. ಆದರೂ ನನ್ನ ಕೋರಿಕೆ ಒಂದೇ. ನೋವು, ಭಾಷೆ, ಸದ್ದು, ಆತಂಕ ಇವನ್ನೆಲ್ಲ ನೋಡಿ ಮುಗಿಯುವವರೆಗೆ ಈ ಹಣೆಪಟ್ಟಿಗೆ ಅವಸರ ಬೇಡ. ಒಮ್ಮೆ ಅಂಟಿದರೆ ಶಾಲೆಯಲ್ಲಿ ಆ ಮಗುವಿನ ಪ್ರತಿ ನೋವನ್ನೂ ಪೋಕರಿತನ ಅಂತಲೇ ಓದುತ್ತಾರೆ.

ಹಂತ 5: ಗಲಾಟೆಗೆ ಮೊದಲಿನ ಹೊತ್ತನ್ನು ಬದಲಾಯಿಸಿ

ನಿಮ್ಮ ಶಕ್ತಿಯ ಹೆಚ್ಚಿನ ಪಾಲು ಇಲ್ಲಿಗೆ ಹೋಗಲಿ.

ಹೇಳುವ ರೀತಿಯಿಂದ ಶುರು ಮಾಡಿ. ದೂರದಿಂದ ಕೂಗಬೇಡಿ. ಹತ್ತಿರ ಹೋಗಿ, ಹೆಸರು ಹೇಳಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ‘ಓಡಬೇಡ’ ಅನ್ನುವ ಬದಲು ‘ನಡೆ’. "ಸ್ನಾನ ಮಾಡ್ತೀಯಾ?" ಅಂತ ಕೇಳಿದರೆ ಅದು ಪ್ರಶ್ನೆ. "ಇಲ್ಲ" ಅನ್ನುವುದು ಅದಕ್ಕೆ ಪ್ರಾಮಾಣಿಕ ಉತ್ತರ. ಆಯ್ಕೆ ಇಲ್ಲದ ಕಡೆ ಪ್ರಶ್ನೆ ಕೇಳಬೇಡಿ. ಆಯ್ಕೆ ಇರುವ ಕಡೆ ನಿಜವಾದ ಆಯ್ಕೆ ಕೊಡಿ. ನೀಲಿ ಬಕೆಟೋ ಕೆಂಪು ಬಕೆಟೋ, ಗಂಜಿ ಮೊದಲೋ ಸ್ನಾನ ಮೊದಲೋ.

‘ಮೊದಲು, ಆಮೇಲೆ’ ಹಲಗೆ ಒಂದು ಮಾಡಿ. ಎಡಗಡೆ ಮಾಡಬೇಕಾದ ಕೆಲಸದ ಚಿತ್ರ, ಬಲಗಡೆ ಇಷ್ಟದ ಚಿತ್ರ. ಮೊದಲು ಸಾಕ್ಸ್, ಆಮೇಲೆ ಜೋಕಾಲಿ. ಕೆಲಸ ಆದ ಕೂಡಲೇ ಜೋಕಾಲಿ ಸಿಗಲೇಬೇಕು. "ನಾಳೆ ನೋಡುವ" ಅಂದರೆ ಹಲಗೆಯ ಮೇಲಿನ ನಂಬಿಕೆ ಹೋಯಿತು. ಇದು ಹಿಡಿದ ಮೇಲೆ ದಿನದ ಪಟ್ಟಿಯನ್ನು ಚಿತ್ರದಲ್ಲಿ ಮಾಡಿ ಚಾವಡಿಯ ಗೋಡೆಗೆ ಅಂಟಿಸಿ.

ನಮ್ಮೂರಿನಲ್ಲಿ ಪಟ್ಟಿ ಕೆಡಿಸುವುದು ಮಳೆ. ಜೂನ್ ಮೊದಲ ದಿನಗಳಲ್ಲಿ ಶಾಲೆ ಶುರುವಾಗುತ್ತದೆ, ಮಳೆಯೂ ಅದೇ ಹೊತ್ತಿಗೆ. ನಾಳೆ ರಜೆ ಅಂತ ಜಿಲ್ಲಾಧಿಕಾರಿಯ ಘೋಷಣೆ ಬರುವುದು ಎಷ್ಟೋ ಸಲ ಹಿಂದಿನ ಸಂಜೆ. ಬೇರೆ ಮಕ್ಕಳು ಕುಣಿಯುತ್ತಾರೆ. ಪಟ್ಟಿಯಲ್ಲಿ ‘ಶಾಲೆ’ ನೋಡಿ ಮಲಗಿದ ಮಗುವಿಗೆ ಬೆಳಗ್ಗೆ ನೆಲವೇ ಜಾರಿದ ಹಾಗಾಗುತ್ತದೆ. ಅದಕ್ಕೆ ‘ಬದಲಾವಣೆ’ ಅನ್ನುವ ಒಂದು ಕಾರ್ಡ್ ಇಡಿ. ಬಣ್ಣದ ಒಂದು ಚಿಹ್ನೆ ಸಾಕು. ಮೊದಲು ಖುಷಿಯ ಬದಲಾವಣೆಗಳಲ್ಲಿ ಅಭ್ಯಾಸ ಮಾಡಿಸಿ. ದೋಸೆಯ ಬದಲು ಪೋಡಿ, ಓದುವ ಬದಲು ಅಂಗಳದಲ್ಲಿ ಆಟ. ಕಾರ್ಡಿನ ಅರ್ಥ ತಿಳಿದ ಮೇಲೆ ಮಳೆರಜೆಗೂ ಹರತಾಳಕ್ಕೂ ಬಳಸಿ. ರಜೆಯ ದಿನಕ್ಕೆಂದೇ ಇನ್ನೊಂದು ಪಟ್ಟಿ ಮೊದಲೇ ತಯಾರಿರಲಿ.

ಸದ್ದಿನ ಮಾತೂ ಹೇಳಬೇಕು. ತಗಡಿನ ಮಾಡಿನ ಮೇಲೆ ಬೀಳುವ ಮಳೆ, ಚೆಂಡೆ, ಮೈಕ್, ಪಟಾಕಿ. ಕುಂಬಳೆ ಜಾತ್ರೆಯ ಬೆಡಿಗೆ (ಸುಡುಮದ್ದಿಗೆ) ಊರಿಗೆ ಊರೇ ಸೇರುತ್ತದೆ. ಆ ಸದ್ದು ಕೆಲವು ಮಕ್ಕಳಿಗೆ ಮೈಗೆ ಹೊಡೆದ ಹಾಗೆ. ಜಾತ್ರೆಯಿಂದ ಮಗುವನ್ನು ಪೂರ್ತಿ ದೂರ ಇಡಬೇಕಾಗಿಲ್ಲ. ಹಗಲು ಜನ ಕಡಿಮೆ ಇರುವಾಗ ಕರೆದುಕೊಂಡು ಹೋಗಿ. ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿ. ಹೊರಗೆ ಬರುವ ದಾರಿ, ಕೂರುವ ಜಾಗ ಮೊದಲೇ ತೋರಿಸಿ. ಭೂತಕೋಲಕ್ಕೂ ಯಕ್ಷಗಾನದ ಆಟಕ್ಕೂ ಇದೇ ಕ್ರಮ. "ದೇವರ ಕಾರ್ಯಕ್ಕೆ ಬಾರದ ಮಗು" ಅಂತ ಯಾರಾದರೂ ಅಂದರೆ ತಲೆ ತಗ್ಗಿಸಬೇಡಿ. ಕಿವಿ ನೋಯುತ್ತದೆ ಅಂತ ನೇರವಾಗಿ ಹೇಳಿ.

ಹಂತ 6: ಒಳ್ಳೆಯ ‘ಬೇಡ’ ಕಲಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಮಯ ಇದೆ ಅಂದರೆ ಇದನ್ನು ಮಾಡಿ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ಇದನ್ನು ತೋರಿಸಿಕೊಟ್ಟರು. ಮಗು ಗಲಾಟೆ ಮಾಡಿ ಪಡೆಯುತ್ತಿದ್ದುದನ್ನೇ ಮಾತಿನಿಂದ ಪಡೆಯಲು ಕಲಿತರೆ ಗಲಾಟೆ ತಾನಾಗಿ ಇಳಿಯುತ್ತದೆ.

ನೋಟ್‌ಬುಕ್ಕಿನಲ್ಲಿ ‘ತಪ್ಪಿಸಿಕೊಳ್ಳುವುದು’ ಕಂಡಿದೆ ಅಂತ ಇಟ್ಟುಕೊಳ್ಳಿ. ಹಾಗಾದರೆ ‘ಸ್ವಲ್ಪ ಬಿಡುವು ಬೇಕು’ ಅನ್ನುವುದನ್ನು ಕಲಿಸಬೇಕು. ಮಾತಾಡುವ ಮಗುವಾದರೆ ‘ಬ್ರೇಕ್’ ಅನ್ನುವ ಒಂದೇ ಪದ ಸಾಕು. ಮಾತಾಡದ ಮಗುವಿಗೆ ಕಾರ್ಡ್ ಅಥವಾ ಕೈಸನ್ನೆ. ಬಿಸಾಡುವುದಕ್ಕಿಂತ ಅದು ಸುಲಭವಾಗಿರಬೇಕು. "ದಯವಿಟ್ಟು ನನಗೆ ಸ್ವಲ್ಪ ಬಿಡುವು ಕೊಡಿ" ಅಂತ ಉದ್ದ ವಾಕ್ಯ ಹೇಳಿಸಲು ಹೋದರೆ ಅವನು ಬಿಸಾಡುವುದನ್ನೇ ಆರಿಸುತ್ತಾನೆ.

ಕಲಿಸುವುದು ಶಾಂತ ಹೊತ್ತಿನಲ್ಲಿ. ಸುಲಭದ ಕೆಲಸ ಕೊಡಿ. ಬೇಸರದ ಮೊದಲ ಗುರುತು ಕಂಡ ಕೂಡಲೇ, ಅಂದರೆ ಪೆನ್ಸಿಲ್ ದೂಡುವ ಮೊದಲೇ, ಕಾರ್ಡನ್ನು ಅವನ ಕೈಯಿಂದ ನಿಮ್ಮ ಕೈಗೆ ಕೊಡಿಸಿ. ಇನ್ನೊಬ್ಬರು ಹಿಂದೆ ಕೂತು ಕೈ ಹಿಡಿದು ಸಹಾಯ ಮಾಡಿದರೆ ಒಳ್ಳೆಯದು. ಅವನು ಕೈ ಹಿಂದಕ್ಕೆ ಎಳೆದುಕೊಂಡರೆ ಒತ್ತಾಯ ಬೇಡ, ಬೆರಳಿನಿಂದ ಕಾರ್ಡ್ ತೋರಿಸಿ ಸಾಕು. ಕಾರ್ಡ್ ಬಂದ ತಕ್ಷಣ "ಬ್ರೇಕ್, ಸರಿ" ಅಂದು ಪುಸ್ತಕ ಮುಚ್ಚಿ. ಎರಡು ನಿಮಿಷ ಬಿಡುವು. ಮತ್ತೆ ಕೆಲಸ.

ಮೊದಮೊದಲು ಪ್ರತಿ ಸಲ ಒಪ್ಪಿಕೊಳ್ಳಬೇಕು. ದಿನಕ್ಕೆ ಮೂವತ್ತು ಸಲ ಕೇಳಿದರೂ ಸರಿ. "ಇವನು ಇದನ್ನೇ ನೆಪ ಮಾಡಿಕೊಳ್ಳುತ್ತಾನೆ" ಅಂತ ಎಲ್ಲರಿಗೂ ಇಲ್ಲಿ ಹೆದರಿಕೆ ಹುಟ್ಟುತ್ತದೆ. ತಡೆದುಕೊಳ್ಳಿ. ಕೇಳಿದರೆ ಸಿಗುತ್ತದೆ ಅನ್ನುವ ನಂಬಿಕೆ ಗಟ್ಟಿಯಾದ ಮೇಲೆ ಮೆಲ್ಲ ಹಿಗ್ಗಿಸಿ. "ಒಂದು ಲೆಕ್ಕ, ಆಮೇಲೆ ಬ್ರೇಕ್." ಕೆಲವು ದಿನ ಕಳೆದು ಎರಡು ಲೆಕ್ಕ. ಅವಸರದಲ್ಲಿ ಒಂದರಿಂದ ಹತ್ತಕ್ಕೆ ಹಾರಬೇಡಿ.

ಜೊತೆಗೆ ಹಳೆಯ ದಾರಿ ಫಲ ಕೊಡಬಾರದು. ಬಿಸಾಡಿದರೆ ಮೊಬೈಲ್ ಸಿಗುವುದು ನಿಲ್ಲಬೇಕು. ಇಲ್ಲಿ ಒಂದು ಎಚ್ಚರಿಕೆ. ಇಷ್ಟು ದಿನ ಸಿಗುತ್ತಿದ್ದುದು ನಿಂತಾಗ ಗಲಾಟೆ ಇಳಿಯುವ ಮೊದಲು ಕೆಲವು ದಿನ ಏರುತ್ತದೆ. ಆ ದಿನಗಳಲ್ಲಿ ಅಜ್ಜ ಅಜ್ಜಿ ಕರಗಿ ಮೊಬೈಲ್ ಕೊಟ್ಟುಬಿಟ್ಟರೆ ಮಗು ಕಲಿಯುವುದು ‘ಇನ್ನೂ ಜೋರಾಗಿ ಕೂಗಬೇಕು’ ಅಂತ. ಹಾಗಾಗಿ ಶುರು ಮಾಡುವ ಮೊದಲೇ ಮನೆಯವರನ್ನೆಲ್ಲ ಕೂರಿಸಿ ಮಾತಾಡಿ.

ಇನ್ನೊಂದು ವಿಷಯ. ಕೆಲವು ‘ಬೇಡ’ಗಳನ್ನು ಶಾಶ್ವತವಾಗಿ ಒಪ್ಪಿಕೊಳ್ಳಬೇಕು. ನೆಂಟರು ಕೆನ್ನೆ ಹಿಂಡುವುದು ಬೇಡ. ಲೋಳೆಯಾದ ಬೆಂಡೆಕಾಯಿ ಬೇಡ. ಮುಟ್ಟುವುದು ಬೇಡ. ಎಲ್ಲದಕ್ಕೂ ತಲೆಯಾಡಿಸಲು ತರಬೇತಿ ಪಡೆದ ಮಗು ಕೆಟ್ಟವರ ಕೈಗೆ ಸುಲಭವಾಗಿ ಸಿಗುತ್ತದೆ.

ಹಂತ 7: ಸಿಟ್ಟು ಹತ್ತಿ ಉರಿಯುವಾಗ

ಆ ಹೊತ್ತಿನಲ್ಲಿ ಕಲಿಸಲು ಆಗುವುದಿಲ್ಲ. ಯಾರಿಗೂ ಪೆಟ್ಟಾಗದೆ ಮುಗಿಸುವುದಷ್ಟೇ ಗುರಿ.

ಮಾತು ಕಡಿಮೆ ಮಾಡಿ. ದನಿ ತಗ್ಗಿಸಿ. ಎದುರು ನಿಲ್ಲದೆ ಸ್ವಲ್ಪ ಓರೆಯಾಗಿ, ಎರಡು ಕೈ ದೂರದಲ್ಲಿ ನಿಲ್ಲಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಟಿ.ವಿ., ಮಿಕ್ಸಿ, ದೀಪ ಆರಿಸಿ. ತಂಗಿ ತಮ್ಮಂದಿರನ್ನು ಹೊರಗೆ ಕಳಿಸಿ. ಅಡಿಕೆ ಸುಲಿಯುವ ಕತ್ತಿ, ಮೆಟ್ಟುಕತ್ತಿ, ಗಾಜಿನ ಸಾಮಾನು ಕೈಗೆ ಸಿಗದ ಹಾಗೆ ಮೊದಲಿನಿಂದಲೇ ಇಡುವ ಅಭ್ಯಾಸ ಇರಲಿ. ತೋಟದ ಮನೆಗಳಲ್ಲಿ ಕೆರೆಗೂ ಬಾವಿಗೂ ಬೇಲಿ ಬೇಕೇ ಬೇಕು. ಸಿಟ್ಟಿನಲ್ಲಿ ಓಡುವ ಮಕ್ಕಳು ನೀರಿನ ಕಡೆಗೆ ಹೋಗುವುದು ನಿಜವಾದ ಅಪಾಯ.

ಹಿಡಿದು ಅದುಮಬೇಡಿ. ರಸ್ತೆಗೆ ಓಡುವುದು, ತಲೆ ಗೋಡೆಗೆ ಬಡಿಯುವುದು ಇಂಥದ್ದಕ್ಕೆ ಮಾತ್ರ ತಡೆಯಿರಿ, ಅಪಾಯ ಕಳೆದ ಕೂಡಲೇ ಬಿಡಿ. ತಲೆ ಬಡಿಯುವಾಗ ನಡುವೆ ದಿಂಬು ಇಟ್ಟರೆ ಹಿಡಿಯುವ ಅಗತ್ಯವೇ ಬಾರದಿರಬಹುದು. ಮೆಣಸು, ಕತ್ತಲೆ ಕೋಣೆ, ಬಾಸುಂಡೆ ಇವು ಚಿಕಿತ್ಸೆ ಅಲ್ಲ, ಹಿಂಸೆ.

ಬಸ್‌ಸ್ಟ್ಯಾಂಡಿನಲ್ಲೋ ಮದುವೆ ಹಾಲಿನಲ್ಲೋ ಆದರೆ ಜನ ಸುತ್ತ ಸೇರುತ್ತಾರೆ. "ಇವನಿಗೆ ಆಟಿಸಂ, ಸದ್ದಿನಿಂದ ಕಷ್ಟ ಆಗ್ತಿದೆ, ಸ್ವಲ್ಪ ಜಾಗ ಬಿಡಿ" ಅಂತ ಕನ್ನಡದಲ್ಲೂ ಮಲಯಾಳದಲ್ಲೂ ಬರೆದ ಚೀಟಿ ಪರ್ಸಿನಲ್ಲಿರಲಿ. ಆ ಹೊತ್ತಿಗೆ ನಿಮಗೂ ಮಾತು ಹೊರಡುವುದಿಲ್ಲ. ಚೀಟಿ ಕೊಟ್ಟರೆ ಸಾಕು.

ಹಂತ 8: ಮುಗಿದ ಮೇಲೆ

ನೀರು ಕೊಡಿ. ಮಲಗಬೇಕಾದರೆ ಮಲಗಲಿ. ಅರ್ಧ ಗಂಟೆಯಲ್ಲಿ ಪಾಠ ಶುರು ಮಾಡಬೇಡಿ. ಮರುದಿನ, ಮಾತಾಡುವ ಮಗುವಾದರೆ, ಚಿತ್ರ ಬಿಡಿಸಿ ಏನಾಯಿತು ಅಂತ ಒಟ್ಟಿಗೆ ನೋಡಿ. ಒಡೆದದ್ದನ್ನು ಒಟ್ಟಿಗೆ ಗುಡಿಸಿ. ತಂಗಿಗೆ ಪೆಟ್ಟಾಗಿದ್ದರೆ ಅವಳ ಅಳುವನ್ನೂ ಕೇಳಿಸಿಕೊಳ್ಳಿ. "ಅಣ್ಣನಿಗೆ ಹುಷಾರಿಲ್ಲ, ನೀನು ಸಹಿಸು" ಅಂತ ಪ್ರತಿ ಸಲ ಅವಳ ಮೇಲೆ ಹೊರಿಸಬೇಡಿ.

ಹಂತ 9: ಹದಿಹರೆಯದವರಿಗೆ ಬೇರೆ ದಾರಿ

ಹನ್ನೆರಡು ಹದಿಮೂರು ದಾಟಿದ ಮೇಲೆ ಚಿತ್ರದ ಕಾರ್ಡ್ ಹಿಡಿದು ಹೋದರೆ ಅವಮಾನ ಅನ್ನಿಸಬಹುದು. ದೇಹ ಅಪ್ಪನಷ್ಟು ದೊಡ್ಡದಾಗಿರುತ್ತದೆ, ಬಲದಿಂದ ಏನೂ ನಡೆಯುವುದಿಲ್ಲ. ಈ ವಯಸ್ಸಿನಲ್ಲಿ ಎದುರುತ್ತರ ಎಲ್ಲ ಮಕ್ಕಳಲ್ಲೂ ಇದೆ. ಅಪ್ಪ ಅಮ್ಮನಿಂದ ಸ್ವಲ್ಪ ದೂರ ಸರಿದು ತನ್ನದೇ ಬದುಕು ಕಟ್ಟಿಕೊಳ್ಳುವ ಆಸೆ ಈ ಹುಡುಗನಿಗೂ ಇದೆ. ಅದನ್ನು ಕಾಯಿಲೆಯ ಲೆಕ್ಕಕ್ಕೆ ಸೇರಿಸಬೇಡಿ.

ಮೊದಲು ವಿಚಾರಿಸಬೇಕಾದದ್ದು ಶಾಲೆಯನ್ನು. ಇಡೀ ದಿನ ಹಲ್ಲು ಕಚ್ಚಿ ಎಲ್ಲರಂತೆ ನಟಿಸಿ, ಮನೆಗೆ ಬಂದ ಕೂಡಲೇ ಸಿಡಿಯುವ ಮಕ್ಕಳು ತುಂಬ ಇದ್ದಾರೆ. ಟೀಚರ್ "ಇಲ್ಲಿ ಒಳ್ಳೆಯ ಹುಡುಗ" ಅನ್ನುತ್ತಾರೆ. ಹಾಗಾಗಿ ದೋಷ ಮನೆಯದ್ದೇ ಅಂತ ತೀರ್ಮಾನವಾಗುತ್ತದೆ. ಹಾಗಲ್ಲ. ಸಂಜೆ ಬಂದ ಮೇಲೆ ಒಂದು ಗಂಟೆ ಯಾರೂ ಏನೂ ಕೇಳದ ಹೊತ್ತು ಕೊಟ್ಟು ನೋಡಿ. ಗೇಲಿ, ಕಾಟ ಇದೆಯಾ ಅಂತಲೂ ತಿಳಿಯಬೇಕು. "ಯಾರಾದರೂ ಉಪದ್ರ ಮಾಡ್ತಾರಾ?" ಅಂದರೆ "ಇಲ್ಲ" ಅನ್ನಬಹುದು. "ಊಟದ ಹೊತ್ತಿನಲ್ಲಿ ಎಲ್ಲಿ ಕೂರ್ತೀಯಾ? ಪಕ್ಕದಲ್ಲಿ ಯಾರು?" ಅಂತ ಕೇಳಿದರೆ ನಿಜ ಹೊರಬರುತ್ತದೆ.

ಪದೇ ಪದೇ ಜಗಳ ಆಗುವ ಒಂದು ವಿಷಯ ಆರಿಸಿಕೊಂಡು ಮಾತುಕತೆ ಮಾಡಿ. ಮೊಬೈಲ್ ಅಂತ ಇಟ್ಟುಕೊಳ್ಳಿ. ಎದುರೆದುರು ಕೂತು ವಿಚಾರಣೆ ಮಾಡಬೇಡಿ. ಬೈಕಿನಲ್ಲಿ ಹೋಗುವಾಗ, ತೋಟದಲ್ಲಿ ಅಡಿಕೆ ಹೆಕ್ಕುವಾಗ ಮಾತು ಸುಲಭ. ವಾಟ್ಸಾಪಿನಲ್ಲಿ ಬರೆದು ಮಾತಾಡುವುದು ಇಷ್ಟವಾದರೆ ಅದೂ ಒಳ್ಳೆಯದು. "ರಾತ್ರಿ ಮೊಬೈಲ್ ಇಡುವಾಗ ಜಗಳ ಆಗ್ತದೆ. ನಿನಗೆ ಯಾವುದು ಕಷ್ಟ?" ಅಂತ ಕೇಳಿ, ಸುಮ್ಮನಿರಿ. ಆಟದ ಸುತ್ತು ಮುಗಿಯದೆ ನಿಲ್ಲಿಸಲು ಆಗುವುದಿಲ್ಲ ಅಂತ ಹೇಳಬಹುದು. ನಿಮ್ಮ ಚಿಂತೆಯನ್ನೂ ಹೇಳಿ. ನಿದ್ದೆ ಕಡಿಮೆಯಾಗಿ ಬೆಳಗ್ಗೆ ಏಳಲು ಆಗುತ್ತಿಲ್ಲ. ಇಬ್ಬರಿಗೂ ಒಪ್ಪುವ ದಾರಿ ಅವನಿಂದಲೇ ಬರಲಿ. "9.30ರ ನಂತರ ಹೊಸ ಸುತ್ತು ಶುರು ಮಾಡುವುದಿಲ್ಲ" ಅಂತ ಅವನು ಅಂದರೆ, ಗಡಿಯಾರದ ಮುಳ್ಳಿಗೆ ಕಟ್ಟಿಬೀಳುವುದಕ್ಕಿಂತ ಅದು ಒಳ್ಳೆಯ ಒಪ್ಪಂದ. ಬರೆದು ಗೋಡೆಗೆ ಅಂಟಿಸಿ, ಒಂದು ವಾರ ನೋಡಿ, ಬದಲಾಯಿಸಿ.

ನಿಯಮಗಳು ಕಡಿಮೆ ಇರಲಿ. ಯಾರಿಗೂ ಹೊಡೆಯಬಾರದು, ಹೇಳದೆ ಮನೆ ಬಿಟ್ಟು ಹೋಗಬಾರದು, ಡಾಕ್ಟರ್ ಕೊಟ್ಟ ಮಾತ್ರೆ ತಪ್ಪಿಸಬಾರದು. ಇಷ್ಟಕ್ಕೆ ಗಟ್ಟಿಯಾಗಿ ನಿಲ್ಲಿ. ಕೂದಲು, ಅಂಗಿ, ನೆಂಟರಿಗೆ ನಮಸ್ಕಾರ ಇವನ್ನು ಬಿಟ್ಟುಬಿಡಿ. ಬಾಗಿಲು ತಟ್ಟಿ ಒಳಗೆ ಹೋಗಿ. ದೇಹದ ಬದಲಾವಣೆ, ಮುಟ್ಟು, ಖಾಸಗಿತನ ಇವನ್ನೆಲ್ಲ ನೇರ ಮಾತಿನಲ್ಲಿ, ಸಮಯಕ್ಕೆ ಮೊದಲೇ ಹೇಳಿಕೊಡಿ.

ಇಷ್ಟದ ಕೆಲಸಗಳೂ ಬೇಡವಾದರೆ, ಊಟ ನಿದ್ದೆ ಬದಲಾದರೆ, ಸಾಯುವ ಮಾತಾಡಿದರೆ ಅದನ್ನು ಹಠ ಅಂತ ತಳ್ಳಿಹಾಕಬೇಡಿ. ಖಿನ್ನತೆ ಈ ವಯಸ್ಸಿನಲ್ಲಿ ಸಿಡುಕಾಗಿ ಕಾಣುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡವನ್ನೂ ಆರಿಸಿಕೊಳ್ಳಬಹುದು.

ಹಂತ 10: ಶಾಲೆಯ ಜೊತೆ

ಕಾನೂನು ನಿಮ್ಮ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳನ್ನು ಹೆಸರಿಸುತ್ತದೆ, ಆಟಿಸಂ ಅದರಲ್ಲಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ.

ಆದರೂ ಕಾಯ್ದೆ ಹಿಡಿದು ಜಗಳಕ್ಕೆ ಹೋಗುವ ಮೊದಲು ಒಂದು ಪುಟದ ಪತ್ರ ಬರೆಯಿರಿ. ಮಗುವಿಗೆ ಏನು ಇಷ್ಟ, ಯಾವುದರಿಂದ ಕಷ್ಟ, ಸಿಟ್ಟಿನ ಮೊದಲ ಗುರುತು ಏನು, ಆಗ ಏನು ಮಾಡಬೇಕು. ಟೀಚರ್ ಕನ್ನಡ ಓದದವರಾದರೆ ಮಲಯಾಳದಲ್ಲೂ ಬರೆಸಿ. ಕೇಳಬೇಕಾದ ಬದಲಾವಣೆಗಳು ಸಣ್ಣವು. ಬಾಗಿಲ ಹತ್ತಿರದ ಜಾಗ, ಬ್ರೇಕ್ ಕಾರ್ಡ್, ಅಸೆಂಬ್ಲಿಯ ಮೈಕಿನಿಂದ ದೂರ ನಿಲ್ಲುವ ಅನುಮತಿ. ಸಮಗ್ರ ಶಿಕ್ಷಾ ಯೋಜನೆಯ ಬಿ.ಆರ್.ಸಿ.ಗಳಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರಗಳಲ್ಲಿ) ವಿಶೇಷ ಶಿಕ್ಷಕರಿದ್ದಾರೆ, ಮುಖ್ಯಶಿಕ್ಷಕರ ಮೂಲಕ ಅವರನ್ನು ಕೇಳಿ. ಸಾಮಾನ್ಯ ಶಾಲೆ ತೀರಾ ಕಷ್ಟವಾದರೆ ಕುಟುಂಬಶ್ರೀ ಮತ್ತು ಪಂಚಾಯತ್ ಸೇರಿ ನಡೆಸುವ ‘ಬಡ್ಸ್’ ಅನ್ನುವ ವಿಶೇಷ ಶಾಲೆಗಳಿವೆ.

ಹಂತ 11: ತಜ್ಞರ ಹತ್ತಿರ ಹೋಗುವಾಗ

ತಂದೆತಾಯಿಗೆ ಕೊಡುವ ತರಬೇತಿ ಬಗ್ಗೆ ಒಳ್ಳೆಯ ಆಧಾರ ಇದೆ. ಅಮೆರಿಕದ 6 ಕೇಂದ್ರಗಳಲ್ಲಿ 3ರಿಂದ 7 ವರ್ಷದ, ಆಟಿಸಂ ಇರುವ 180 ಮಕ್ಕಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಆಟಿಸಂ ಬಗ್ಗೆ ಬರೀ ಮಾಹಿತಿ ಪಡೆದ ತಂದೆತಾಯಿಗಳ ಮಕ್ಕಳಿಗಿಂತ, ನಡವಳಿಕೆ ನಿಭಾಯಿಸುವ ತರಬೇತಿ ಪಡೆದವರ ಮಕ್ಕಳಲ್ಲಿ 24 ವಾರಗಳಲ್ಲಿ ಸಿಡುಕು ಹೆಚ್ಚು ಇಳಿಯಿತು. ಹಾಗಾಗಿ ಥೆರಪಿಸ್ಟ್ ಮಗುವನ್ನು ಮಾತ್ರ ಒಳಗೆ ಕರೆದು ಬಾಗಿಲು ಹಾಕಿಕೊಂಡರೆ "ನನಗೂ ಕಲಿಸಿ" ಅಂತ ಕೇಳಿ.

ಔಷಧಿ ಹಠಕ್ಕೆ ಅಲ್ಲ. ತನಗೋ ಬೇರೆಯವರಿಗೋ ಗಾಯ ಮಾಡಿಕೊಳ್ಳುವಷ್ಟು ಸಿಡುಕು ಇದ್ದು, ಮೇಲಿನ ಹಂತಗಳು ಸಾಲದಿದ್ದಾಗ ಮನೋವೈದ್ಯರು ಯೋಚಿಸುತ್ತಾರೆ. ಆಟಿಸಂನ ಸಿಡುಕಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ರಿಸ್ಪೆರಿಡೋನ್, 2009ರಲ್ಲಿ ಅರಿಪಿಪ್ರಜೋಲ್ ಒಪ್ಪಿತು. ಎರಡರಿಂದಲೂ ತೂಕ ಏರಬಹುದು, ಮಂಪರು ಬರಬಹುದು. ಶುರು ಮಾಡುವ ಮೊದಲು ತೂಕ ಬರೆದಿಡಿ, ಯಾವ ರಕ್ತಪರೀಕ್ಷೆ ಬೇಕು, ಯಾವಾಗ ಮರುಪರಿಶೀಲನೆ ಅಂತ ಕೇಳಿ.

ನಮ್ಮವರು ಹೆಚ್ಚಾಗಿ ಮಂಗಳೂರಿಗೆ ಹೋಗುತ್ತಾರೆ. ಭಾಷೆಯ ದೃಷ್ಟಿಯಿಂದ ಅದು ಒಳ್ಳೆಯದು. ಆದರೆ ಅಲ್ಲಿನ ಖಾಸಗಿ ಆಸ್ಪತ್ರೆಯ ವರದಿಯೇ ಅಂಗವೈಕಲ್ಯ ಪ್ರಮಾಣಪತ್ರ ಆಗುವುದಿಲ್ಲ. ಅದಕ್ಕೆ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲಿನಲ್ಲಿ ಅರ್ಜಿ ಹಾಕಿ, ನಮ್ಮ ಜಿಲ್ಲೆಯ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಆ ಕಾರ್ಡ್ ಬಂದ ಮೇಲೆ 1999ರ ಕಾಯ್ದೆಯಡಿ ಹುಟ್ಟಿದ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಬಹುದು, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಮೌಲ್ಯಮಾಪನದ ದಿನ ಮಗುವಿನ ಮನೆಮಾತು ಯಾವುದು ಅಂತ ಮೊದಲೇ ಹೇಳಿ, ಬೇಕಾದರೆ ಪಕ್ಕದಲ್ಲಿ ಕೂತು ಅನುವಾದಿಸುತ್ತೇನೆ ಅನ್ನಿ. ಮಲಯಾಳದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ ಅಂತ ಅಂಕ ಕಡಿಮೆಯಾಗಬಾರದು.

ಹೋಗುವಾಗ ಚೀಲದಲ್ಲಿ ಎರಡು ವಾರದ ನೋಟ್‌ಬುಕ್, ಈಗಿನ ಮಾತ್ರೆಗಳ ಪಟ್ಟಿ, ಮೊಬೈಲಿನಲ್ಲಿ ಒಂದೆರಡು ನಿಮಿಷದ ವೀಡಿಯೋ ಇರಲಿ. ಮಗುವಿನ ಎದುರು "ಇವನು ಹೀಗೆ ಮಾಡ್ತಾನೆ, ಹಾಗೆ ಮಾಡ್ತಾನೆ" ಅಂತ ದೂರು ಹೇಳಬೇಡಿ. ಮಾತಾಡದ ಮಗುವಿಗೂ ಅದು ಕೇಳಿಸುತ್ತದೆ. ಹೇಳಬೇಕಾದದ್ದನ್ನು ಹಿಂದಿನ ರಾತ್ರಿ ಒಂದು ಪುಟದಲ್ಲಿ ಬರೆದು, ಕೂತ ಕೂಡಲೇ ಡಾಕ್ಟರ್ ಕೈಗೆ ಕೊಡಿ.